ಊರಿನ ನೀರು, ತವರಿನ ಕೊಡ

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?’

ಹೊಸ ಸೊಸೆಯ ಮುಖ ನೋಡುವ ಆಸೆಗೆ ಬಾಗಿಲಲ್ಲಿ ಇಣುಕುವ ಹೆಂಗಸರಿಗೆ ಕೇರಿಯ ಹಿರಿಯಳು ಹೇಳಿರಬಹುದಾದ ಮಾತು ಇದು. ಅವಸರ ಯಾಕೆ, ಇವತ್ತಲ್ಲ ನಾಳೆ ಕೊಡ ಹಿಡಿದು ಬಾವಿಗೆ ಬಂದೇ ಬರುತ್ತಾಳೆ, ಆಗ ನೋಡಿದರಾಯಿತು. ಈಚೆಗೆ ಈ ಗಾದೆಯನ್ನು ಹಗೆ ಸಾಧಿಸುವ ಮಾತಾಗಿಯೂ ಬಳಸುತ್ತಾರೆ: ಎಲ್ಲಿಗೆ ಹೋಗುತ್ತಾನೆ, ನನ್ನ ಕೈಗೆ ಸಿಕ್ಕೇ ಸಿಗುತ್ತಾನೆ ಎಂಬ ಅರ್ಥದಲ್ಲಿ. ನನಗೆ ಹಳೆಯ ಅರ್ಥವೇ ಇಷ್ಟ. ಅದರಲ್ಲಿ ಬಂದವಳ ಬಗ್ಗೆ ನಂಬಿಕೆ ಇದೆ, ಕಾಯುವವರಿಗೆ ತಾಳ್ಮೆ ಇದೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಕನ್ನಡದವನಾದ ನಾನು ಈ ಗಾದೆಯನ್ನು ಭಾಷೆ ಕಲಿಯುವವರ ಗಾದೆ ಎಂದೇ ಓದುತ್ತ ಬಂದಿದ್ದೇನೆ. ಹಾಗೆ ಓದಿಸಿದವಳು ನಮ್ಮವ್ವ.

ಅವ್ವ ರಾಯಚೂರು ಕಡೆಯ ಹಳ್ಳಿಯಿಂದ 1962ರಲ್ಲಿ ಮದುವೆಯಾಗಿ ಕಾಚಿಗುಡದ ಒಂದು ವಠಾರಕ್ಕೆ ಬಂದಳು. ಎಂಟು ಮನೆಗೆ ಒಂದೇ ನಳ. ನಸುಕಿನಲ್ಲಿ ಒಂದೂವರೆ ತಾಸು ನೀರು. ಅವ್ವ ಅದನ್ನು ನಳ ಎನ್ನುತ್ತಿದ್ದಳು, ಎಡಮನೆಯ ತೆಲುಗಿನವರು ನಲ್ಲಾ ಎನ್ನುತ್ತಿದ್ದರು, ಎದುರುಮನೆಯ ಬೀಬಿ ನಲ್ ಎನ್ನುತ್ತಿದ್ದರು. ಅವಳ ಕೈಯಲ್ಲಿದ್ದದ್ದು ಬಿಂದಿಗೆ, ಪಕ್ಕದವಳ ಕೈಯಲ್ಲಿದ್ದದ್ದು ಬಿಂದೆ. ಮೊದಲ ಎಂಟು ದಿನ ಕೈಸನ್ನೆಯಲ್ಲೇ ಕಳೆಯಿತಂತೆ. ಒಂಬತ್ತನೆಯ ದಿನ ಅವಳು ಆಡಿದ ಮೊದಲ ತೆಲುಗು ಮಾತು, ‘ಅಕ್ಕಾ, ನೀಳ್ಳೊಚ್ಚಿನಯಾ?’ ಊರಿನಲ್ಲಿ ಅವಳು ‘ನೀರು ಬಂದಾವೇನ?’ ಎಂದು ಕೇಳುತ್ತಿದ್ದಳು. ಎರಡರಲ್ಲೂ ನೀರು ಬಹುವಚನ. ವ್ಯಾಕರಣ ಓದದ ಅವ್ವ ಇದನ್ನು ತಾನೇ ಕಂಡುಕೊಂಡಿದ್ದಳು: ‘ಅವರ ನೀರೂ ನಮ್ಮ ನೀರಿನಂಗ ಬರ್ತಾವ.’

ಕನ್ನಡದ ಹೆಣ್ಣು ತೆಲುಗಿನ ನಳಕ್ಕೆ ಬಂದರೆ ಹೊಸದನ್ನು ಕಲಿಯುವುದರ ಜೊತೆಗೆ ತನ್ನ ಮನೆಯ ಹಳೆಯ ಸಾಮಾನನ್ನೂ ಗುರುತಿಸುತ್ತಾಳೆ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’ಯಾಗಿತ್ತು, ಹೂ ‘ಪೂ’ ಆಗಿತ್ತು. ನಡುಗನ್ನಡದ ಹೊತ್ತಿಗೆ ನಾವು ಮೊದಲಿನ ಪಕಾರವನ್ನು ಹಕಾರ ಮಾಡಿಕೊಂಡೆವು. ತೆಲುಗು ಅದನ್ನು ಹಾಗೆಯೇ ಇಟ್ಟುಕೊಂಡಿತು: ಪಾಲು, ಪುಲಿ, ಪುವ್ವು, ಪಂದಿ. ಕಾಲೇಜಿನಲ್ಲಿ ಹಳಗನ್ನಡ ಕಾವ್ಯ ಓದುವಾಗ ನನ್ನ ಗೆಳೆಯರು ಶಬ್ದಕೋಶ ತೆಗೆಯುತ್ತಿದ್ದ ಕಡೆ ನನಗೆ ನಮ್ಮ ಓಣಿಯ ಹಾಲಿನವನ ದನಿ ಕೇಳುತ್ತಿತ್ತು. ಸಂತೆಗೆ ಹೋದರೂ ಹೀಗೆಯೇ. ನಮ್ಮ ಪುಂಡಿಪಲ್ಯ ತೆಲಂಗಾಣದವರ ಪುಂಟಿಕೂರ. ಅದೇ ಸೊಪ್ಪು ಬೀಬಿಯ ಅಡಿಗೆಮನೆಯಲ್ಲಿ ಅಂಬಾಡಾ ಆಗಿ ಮಾಂಸದ ಜೊತೆ ಬೇಯುತ್ತಿತ್ತು. ಹುಳಿ ಮಾತ್ರ ಮೂರು ಮನೆಯಲ್ಲೂ ಒಂದೇ.

ಬೀಬಿ ಆಡುತ್ತಿದ್ದ ದಖನಿ ಉರ್ದುವಿನ ಮಾತು ಇನ್ನೂ ಸೊಗಸು. ದೆಹಲಿಯ ಉರ್ದುವಿನಲ್ಲಿ ‘ಅವನು ಹೇಳಿದ’ ಎಂಬುದು ಮೊದಲು ಬರುತ್ತದೆ, ಆಮೇಲೆ ‘ಕಿ’ ಎಂದು ಹಾಕಿ ಅವನ ಮಾತನ್ನು ಜೋಡಿಸುತ್ತಾರೆ. ನಾವು ಹಾಗೆ ಆಡುವವರಲ್ಲ. ‘ಬರ್ತೀನಿ ಅಂತ ಹೇಳಿದ’ ಎನ್ನುತ್ತೇವೆ. ತೆಲುಗಿನವರು ‘ವಸ್ತಾ ಅನಿ ಚೆಪ್ಪಿಂಡು’ ಎನ್ನುತ್ತಾರೆ. ಹೈದರಾಬಾದಿನ ದಖನಿ ಮಾತಾಡುವವರು ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ನಮ್ಮ ‘ಅಂತ’, ಅವರ ‘ಅನಿ’, ಇವರ ‘ಬೋಲ್ಕೆ’ ಮೂರೂ ನಿಲ್ಲುವ ಜಾಗ ಒಂದೇ. ನಮ್ಮ ‘ಯಾಕಂದ್ರೆ’ ತೆಲುಗಿನಲ್ಲಿ ‘ಎಂದುಕಂಟೆ’, ದಖನಿಯಲ್ಲಿ ‘ಕಾಯ್ಕು ಬೋಲೇತೋ’. ಪದಗಳು ಉತ್ತರದವು, ವಾಕ್ಯದ ಎಲುಬು ಇಲ್ಲಿಯದು. ಮರಾಠಿಯಿಂದ ಬಂದ ‘ನಕ್ಕೋ’ ಇಲ್ಲದೆ ಈ ಊರಿನಲ್ಲಿ ಯಾರೂ ಯಾವುದನ್ನೂ ಬೇಡ ಎನ್ನಲಾರರು. ಉತ್ತರದಿಂದ ದಂಡಿನ ಜೊತೆ ಊರಿಗೆ ಬಂದ ನುಡಿ ನೂರಾರು ವರ್ಷ ಇಲ್ಲಿಯ ನೀರಿಗೆ ಬಂದದ್ದರ ಗುರುತುಗಳಿವು. ಇದನ್ನು ಕೆಟ್ಟ ಉರ್ದು ಎಂದು ಸಿನಿಮಾದಲ್ಲಿ ನಗೆಗೆ ಬಳಸುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. 1591ರಲ್ಲಿ ಈ ನಗರವನ್ನು ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್‌ಷಾ ತನ್ನ ಕವಿತೆಗಳನ್ನು ಬರೆದದ್ದು ಇದೇ ದಖನಿಯಲ್ಲಿ.

ಗಾದೆ ‘ಬಂದವಳು’ ಎನ್ನುತ್ತದೆ. ಬಂದವರಲ್ಲಿ ಎರಡು ಬಗೆ. ನೆಂಟರು ಬಂದರೆ ನಾವೇ ಬೆಲ್ಲ ನೀರು ತಂದುಕೊಡುತ್ತೇವೆ; ಅವರನ್ನು ಬಾವಿಗೆ ಕಳಿಸುವುದಿಲ್ಲ. ಸೊಸೆಗೆ ಯಾರೂ ತಂದುಕೊಡುವುದಿಲ್ಲ, ಅವಳು ತಾನೇ ಹೋಗಿ ತರುತ್ತಾಳೆ. ಕೊಡ ಹಿಡಿದು ಹೊಸ್ತಿಲು ದಾಟಿದ ದಿನದಿಂದ ಅವಳು ನೆಂಟಳಲ್ಲ, ಊರಿನವಳು. ಪರಊರಿನಲ್ಲಿ ನಮ್ಮ ಇಂಗ್ಲಿಷಿಗೋ ಹಿಂದಿಗೋ ಜನ ಉತ್ತರ ಕೊಡುತ್ತಾರಲ್ಲ, ಅದು ನೆಂಟರಿಗೆ ಕೊಡುವ ನೀರು. ಹತ್ತು ವರ್ಷವಾದರೂ ಅದನ್ನೇ ಕುಡಿಯುತ್ತಿದ್ದರೆ ನಾವು ಹತ್ತು ವರ್ಷದ ನೆಂಟರು, ಅಷ್ಟೇ.

ಹೀಗೆ ಬಂದು ಊರಿನವರಾದವರಲ್ಲಿ ಇಬ್ರಾಹಿಂ ಕುತುಬ್‌ಷಾನ ಕಥೆ ದೊಡ್ಡದು. ಗೋಲ್ಕೊಂಡದ ಗದ್ದುಗೆಯ ಜಗಳದಲ್ಲಿ ಜೀವ ಉಳಿಸಿಕೊಳ್ಳಲು 1543ರಲ್ಲಿ ಓಡಿಬಂದ ಈ ರಾಜಕುಮಾರ ಏಳು ವರ್ಷ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ. ಅಲ್ಲಿ ತೆಲುಗಿನ ರುಚಿ ಹತ್ತಿತು. 1550ರಲ್ಲಿ ಸುಲ್ತಾನನಾದ ಮೇಲೆ ತೆಲುಗು ಕವಿಗಳನ್ನು ಸಾಕಿದ. ಅವರು ಅವನ ಹೆಸರನ್ನೇ ತೆಲುಗು ಮಾಡಿ ‘ಮಲ್ಕಿಭರಾಮ’ ಎಂದು ಕರೆದರು. ಅದ್ದಂಕಿ ಗಂಗಾಧರ ಕವಿ ತನ್ನ ‘ತಪತೀ ಸಂವರಣೋಪಾಖ್ಯಾನ’ವನ್ನು ಅವನಿಗೇ ಅರ್ಪಿಸಿದ. ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚೆಂದ. ಆದರೆ 1565ರಲ್ಲಿ ರಾಮರಾಯನ ಮೇಲೆ ದಂಡೆತ್ತಿ ಹೋದ ಸುಲ್ತಾನರಲ್ಲಿ ಇವನೂ ಒಬ್ಬ. ಭಾಷೆ ಕಲಿತರೆ ದ್ವೇಷವೇ ಅಳಿಯುತ್ತದೆ ಎಂದು ಭಾಷಣ ಮಾಡುವವರು ಇದನ್ನು ಮರೆಯಬಾರದು. ಒಂದೇ ಬಾವಿಯ ನೀರು ಕುಡಿದವರು ಕಾದಾಡಿದ್ದಾರೆ. ಕಾದಾಡಿದ ಮೇಲೂ ಗೋಲ್ಕೊಂಡದಲ್ಲಿ ತೆಲುಗು ಕಾವ್ಯ ಉಳಿಯಿತು ಎಂಬುದೂ ಅಷ್ಟೇ ನಿಜ.

ಇನ್ನು ‘ನೀರು’. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗುವುದಿಲ್ಲ ಎಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಆ ನೀರಿನ ಹಿಂದೆ ಒಬ್ಬ ಕನ್ನಡ ನಾಡಿನವರಿದ್ದಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ಕೊಚ್ಚಿದ ಮೇಲೆ ನಿಜಾಮ ಸರ್ಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಂತೆ ಮೂಸಿಗೆ ಅಡ್ಡಲಾಗಿ 1920ರಲ್ಲಿ ಉಸ್ಮಾನ್‌ಸಾಗರ, ಅಂದರೆ ಗಂಡಿಪೇಟೆ ಕೆರೆ, 1927ರಲ್ಲಿ ಈಸಿ ಹೊಳೆಗೆ ಹಿಮಾಯತ್‌ಸಾಗರ ಎದ್ದವು. ವಿಶ್ವೇಶ್ವರಯ್ಯನವರ ಹಿರೀಕರಾದರೋ ಆಂಧ್ರದ ಮೋಕ್ಷಗುಂಡಂನಿಂದ ಮುದ್ದೇನಹಳ್ಳಿಯ ಕಡೆಗೆ ಬಂದವರು. ಯಾರು ಯಾವ ಊರಿಗೆ ಬಂದವರು, ಯಾರು ಯಾರಿಗೆ ನೀರು ಕೊಟ್ಟವರು ಎಂದು ಲೆಕ್ಕ ಹಾಕಲು ಹೊರಟರೆ ಲೆಕ್ಕ ಮುಗಿಯುವುದಿಲ್ಲ. ಆಮೇಲೆ ಬಂದ ಮಾಂಜ್ರಾ ನೀರು ಬೀಡ್ ಜಿಲ್ಲೆಯ ಮರಾಠಿ ಬೆಟ್ಟದಲ್ಲಿ ಹುಟ್ಟಿ ನಮ್ಮ ಬೀದರನ್ನು ಹಾದು ತೆಲಂಗಾಣಕ್ಕೆ ಇಳಿಯುತ್ತದೆ. ಕೃಷ್ಣೆಯೂ ಅಷ್ಟೇ, ರಾಯಚೂರನ್ನು ತೊಳೆದು ಇಲ್ಲಿಯ ನಳಕ್ಕೆ ಬರುತ್ತಾಳೆ. ಇದನ್ನು ತಿಳಿದ ದಿನ ಅವ್ವ ನಳದ ಕೆಳಗೆ ಕೈಯೊಡ್ಡಿ, ‘ತವರಿನ ನೀರು’ ಎಂದು ಕಣ್ಣಿಗೆ ಒತ್ತಿಕೊಂಡಳು.

‘ಬಾರದಿರುತ್ತಾಳೆಯೇ’ ಎಂಬ ಪ್ರಶ್ನೆಗೆ ಬಂದೇ ಬರುತ್ತಾಳೆ ಎಂದು ಗಾದೆ ಉತ್ತರ ಇಟ್ಟುಕೊಂಡೇ ಕೇಳುತ್ತದೆ. ಇಲ್ಲಿ ನನಗೆ ತಕರಾರಿದೆ. ಬಾವಿಗೆ ಎಲ್ಲರನ್ನೂ ಬಿಟ್ಟ ಊರು ಯಾವುದಿತ್ತು? ಕೊಡ ಹಿಡಿದು ದೂರ ನಿಂತು, ಯಾರಾದರೂ ಸೇದಿ ಸುರಿಯಲಿ ಎಂದು ಕಾದವರು ಊರಿಗೆ ಬಂದವರೂ ಅಲ್ಲ, ಊರಿನವರೇ. ನುಡಿಯಲ್ಲೂ ಅದೇ ಆಯಿತು. ನಿಜಾಮರ ರಾಜ್ಯದಲ್ಲಿ ಅರ್ಧದಷ್ಟು ಜನರ ಮನೆಮಾತು ತೆಲುಗು, ನಾಲ್ಕರಲ್ಲೊಂದು ಪಾಲು ಮರಾಠಿ, ಸುಮಾರು ಹತ್ತರಲ್ಲೊಂದು ಪಾಲು ಕನ್ನಡ. ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. 1921ರ ನವೆಂಬರಿನಲ್ಲಿ ಇಲ್ಲಿಯ ವಿವೇಕವರ್ಧಿನಿ ಶಾಲೆಯಲ್ಲಿ ಸಮಾಜ ಸುಧಾರಣೆಯ ಪರಿಷತ್ತು ಸೇರಿತ್ತು, ಮಹರ್ಷಿ ಕರ್ವೆಯವರು ಅಧ್ಯಕ್ಷರು. ಬೇರೆ ಭಾಷೆಗಳಲ್ಲಿ ಭಾಷಣ ನಡೆದವು. ಆಲಂಪಲ್ಲಿ ವೆಂಕಟರಾಮರಾವು ತೆಲುಗಿನಲ್ಲಿ ಮಾತು ತೆಗೆದಾಗ ಸಭೆ ಗೇಲಿ ಮಾಡಿತು. ತೆಲುಗರ ನಡುವೆ, ತೆಲುಗಿಗೆ! ಆ ಅವಮಾನ ಹೊತ್ತವರು ಅದೇ ರಾತ್ರಿ ಸೇರಿ ಆಂಧ್ರ ಜನಸಂಘ ಕಟ್ಟಿದರು. ಅದಕ್ಕೂ ಮುಂಚೆ, ಕೇರಿಯ ಬಾವಿಯಿಂದ ದೂರ ಇಡಲ್ಪಟ್ಟ ಮಕ್ಕಳಿಗಾಗಿ ಭಾಗ್ಯರೆಡ್ಡಿ ವರ್ಮ ಇದೇ ನಗರದಲ್ಲಿ ತೆಲುಗು ಮಾಧ್ಯಮದ ಶಾಲೆಗಳನ್ನು ತೆರೆದಿದ್ದರು. ನೀರಿಗೆ ಬಂದವಳ ಕೊಡ ನೋಡಿ ನಕ್ಕರೆ ಅವಳು ಮತ್ತೆ ಬರುವುದಿಲ್ಲ, ಬೇರೆ ಬಾವಿ ತೋಡುತ್ತಾಳೆ. ಅದು ಅವಳ ತಪ್ಪಲ್ಲ.

1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯ, ವಿಜ್ಞಾನಗಳನ್ನೂ ಉರ್ದುವಿನಲ್ಲಿ ಕಲಿಸಿ, ದೇಶದ ನುಡಿಯಲ್ಲಿ ದೊಡ್ಡ ವಿದ್ಯೆ ಸಾಧ್ಯ ಎಂದು ತೋರಿಸಿತು. ಅದು ಹೆಮ್ಮೆಯ ಮಾತು. ಆದರೆ ಕಲಬುರಗಿ, ರಾಯಚೂರು, ಬೀದರಿನ ಮಕ್ಕಳಿಗೆ ಅದೂ ಕಲಿತು ದಾಟಬೇಕಾದ ಪರನುಡಿಯೇ. ದಾಟಿದವರು ಏನು ಮಾಡಿದರು ಎಂಬುದರಲ್ಲಿ ಗಾದೆ ಹೇಳದೆ ಬಿಟ್ಟ ಅರ್ಧವಿದೆ. ಬಾವಿ ಊರಿನದು ನಿಜ, ಸೇದಿದ ನೀರು ತುಂಬುವುದು ತವರಿನಿಂದ ತಂದ ಕೊಡದಲ್ಲಿ. ಉಸ್ಮಾನಿಯಾದಲ್ಲಿ ಓದಿ ಅಧಿಕಾರಿಯಾದ ಸಿದ್ದಯ್ಯ ಪುರಾಣಿಕರು ಕನ್ನಡದ ಕಾವ್ಯಾನಂದರಾದರು, ಮಕ್ಕಳಿಗೆ ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಕೊಟ್ಟರು. ನಿಜಾಮರ ಆಳ್ವಿಕೆಯಲ್ಲಿ ಬೆಳೆದ ರಾಯಚೂರು ಸೀಮೆಯ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದ ಕೊಡದಲ್ಲಿ ತುಂಬಿ ತಂದರು. ಇವತ್ತು ನಮ್ಮಲ್ಲಿ ಗಜಲ್ ಬರೆಯುವ ಎಷ್ಟೋ ತರುಣರಿಗೆ ಆ ನೀರು ಎಲ್ಲಿಂದ ಬಂತೆಂದು ಗೊತ್ತಿರಲಿಕ್ಕಿಲ್ಲ. ಆ ಕೊಡ ಒಡೆಯದಂತೆ ನೋಡಿಕೊಂಡ ಜಾಗಗಳೂ ಈ ನಗರದಲ್ಲಿದ್ದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ಶಾಲೆ ನಮ್ಮ ಪಾಲಿನ ತವರುಗಳು. ನೃಪತುಂಗನ ರಾಜಧಾನಿ ಮಳಖೇಡವೂ ಒಂದು ಕಾಲಕ್ಕೆ ಹೈದರಾಬಾದ್ ರಾಜ್ಯದ ಒಳಗೇ ಇತ್ತು. 1956ರ ನವೆಂಬರ್ 1ರಂದು ಆ ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ನಾವು ಇಲ್ಲಿಯೇ ಉಳಿದೆವು.

ಈಗ ನನ್ನ ಮಗ ಕೊಂಡಾಪುರದ ಎತ್ತರದ ಕಟ್ಟಡವೊಂದರಲ್ಲಿ ಇದ್ದಾನೆ. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದವರು ಆ ಕಡೆ ಬಹಳ. ಅಲ್ಲಿ ನೀರು ಕೊಳವೆಯಲ್ಲಿ ಹದಿನಾಲ್ಕನೆಯ ಮಹಡಿಗೇ ಏರುತ್ತದೆ. ಅಡಿಗೆಯವಳ ಜೊತೆ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್, ಸಾಮಾನು ತರುವ ಹುಡುಗನ ಜೊತೆ ಮಾತೇ ಬೇಡ, ಫೋನು ಸಾಕು. ಊರಿಗೆ ಬಂದವಳು ನೀರಿಗೆ ಬರದೆಯೇ ಒಂದು ಆಯುಷ್ಯ ಕಳೆಯಬಹುದು ಎಂಬ ಕಾಲವನ್ನು ಗಾದೆ ಕಟ್ಟಿದವರು ಊಹಿಸಿರಲಾರರು. ತೆಲಂಗಾಣ 2018ರಲ್ಲಿ ಕಾಯ್ದೆ ಮಾಡಿ ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗು ಕಡ್ಡಾಯ ಮಾಡಿತು. ಅದು ಸರಿಯಾದ ಕೆಲಸ ಎಂದೇ ನನ್ನ ಭಾವನೆ. ನನ್ನ ಮೊಮ್ಮಗಳಿಗೆ ಅದರಿಂದ ಅಕ್ಷರ ಬಂದವು, ಕನ್ನಡದ ಅಕ್ಷರಕ್ಕೂ ತೆಲುಗಿನ ಅಕ್ಷರಕ್ಕೂ ತಲಕಟ್ಟಿನಷ್ಟೇ ವ್ಯತ್ಯಾಸ ಎಂದು ಅವಳೇ ನನಗೆ ತೋರಿಸಿದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಆದರೆ ಎಂಟು ವರ್ಷದ ಆ ಹುಡುಗಿ ತೆಲುಗಿನಲ್ಲಿ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಆ ಕಟ್ಟಡದ ಕೊಳವೆಬಾವಿ ಬತ್ತಿ, ಪಂಪೂ ಕೆಟ್ಟು ಎರಡು ದಿನ ನೀರಿರಲಿಲ್ಲ. ಟ್ಯಾಂಕರ್ ಬಂತೆಂದು ಎಲ್ಲರೂ ಬಕೀಟು ಹಿಡಿದು ಕೆಳಗಿಳಿದರು. ಒಂದೇ ಮಹಡಿಯಲ್ಲಿ ಆರು ವರ್ಷ ಇದ್ದವರು ಆವತ್ತು ಹೆಸರು ಕೇಳಿಕೊಂಡರು. ಎಂಬತ್ತು ದಾಟಿದ ಅವ್ವ ಮೊಮ್ಮಗನ ಮನೆಗೆ ಬಂದಿದ್ದಳು. ಬೇಡವೆಂದರೂ ಮರಿಮಗಳ ಕೈ ಹಿಡಿದು ಇಳಿದು, ವಾಚ್‌ಮನ್ನನ ಹೆಂಡತಿಯ ಪಕ್ಕ ಕಟ್ಟೆಯ ಮೇಲೆ ಕೂತು, ಅವಳ ಊರು ಯಾವುದು, ಮಕ್ಕಳೆಷ್ಟು, ಪುಂಟಿಕೂರಕ್ಕೆ ಬೆಳ್ಳುಳ್ಳಿ ಎಷ್ಟು ಎಂದು ತೆಲುಗಿನಲ್ಲಿ ಮಾತಿಗೆ ತೊಡಗಿದಳು. ಹುಡುಗಿ ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತಿತ್ತು. ಸಾಲು ಕರಗಿ, ಮೊದಲ ಟ್ಯಾಂಕರ್ ಹೋಗಿ, ಎರಡನೆಯದಕ್ಕೆ ಎಲ್ಲರೂ ಕಾಯುತ್ತಿದ್ದರು. ಮರುದಿನ ಬೆಳಿಗ್ಗೆ ನಾನು ಎದ್ದು ಬಾಲ್ಕನಿಗೆ ಬಂದರೆ ಮೊಮ್ಮಗಳು ಕಂಬಿಯ ಮೇಲೆ ಬಗ್ಗಿ, ಕೆಳಗೆ ಗೇಟಿನ ಬಳಿ ಕಸ ಗುಡಿಸುತ್ತಿದ್ದವಳನ್ನು ಕೂಗುತ್ತಿದ್ದಳು, ‘ಅಕ್ಕಾ, ನೀಳ್ಳೊಚ್ಚಿನಯಾ?’