ಬಹುಮತ ಮತ್ತು ನ್ಯಾಯ: ಇಬ್ಬಿಬ್ಬರ ಹೋಲಿಕೆಯ ವಿಚಾರ

ಬಹುಮತವೇ ಪ್ರಮಾಣವೆಂಬುದು ಪ್ರಜಾಪ್ರಭುತ್ವದ ಮೂಲತತ್ತ್ವ. ಆದರೆ ಬಹುಮತವೆಂದರೇನು? ಅಭ್ಯರ್ಥಿಗಳು ಇಬ್ಬರೇ ಆದಾಗ ಉತ್ತರ ಸುಲಭ. ಮೂವರಾದೊಡನೆ ಈ ಸರಳತೆ ಮಾಯವಾಗುತ್ತದೆ. ನೂರರಲ್ಲಿ ನಲವತ್ತು ಮತ ಪಡೆದವನು ಗೆದ್ದನೆಂದು ಸಾರಲಾಗುತ್ತದೆ. ಉಳಿದ ಅರವತ್ತು ಮಂದಿ ಅವನನ್ನು ಸರ್ವಥಾ ಒಪ್ಪದವರಾಗಿದ್ದರೂ, ಅವರ ಮತಗಳು ಇಬ್ಬರಲ್ಲಿ ಹಂಚಿಹೋದ ಮಾತ್ರಕ್ಕೆ ಆ ಅಸಮ್ಮತಿ ಲೆಕ್ಕಕ್ಕೆ ಬಾರದು. ಇಂಥ ಜಯವು ನ್ಯಾಯಸಮ್ಮತವೇ ಎಂಬುದು ಕೇವಲ ಗಣಿತದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು.

ಮಯೋರ್ಕ ದ್ವೀಪದ ರಾಮೊನ್ ಲ್ಯುಲ್ ಎಂಬ ಪಂಡಿತನು 13ನೆಯ ಶತಮಾನದಲ್ಲಿಯೇ ಈ ಬಗ್ಗೆ ಚಿಂತಿಸಿದ್ದನು. ಸಂನ್ಯಾಸಿನಿಯರ ಮಠಕ್ಕೆ ಮುಖ್ಯಸ್ಥೆಯನ್ನು ಆರಿಸುವಾಗ ಪ್ರತಿಯೊಬ್ಬಳನ್ನೂ ಉಳಿದ ಪ್ರತಿಯೊಬ್ಬಳೊಡನೆ ಹೋಲಿಸಿ ನೋಡಬೇಕೆಂಬುದು ಅವನ ಸೂಚನೆ. 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ ಇದಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟನು. ಮತದಾರನು ಅಭ್ಯರ್ಥಿಗಳನ್ನು 1, 2, 3 ಎಂದು ಒಮ್ಮೆ ಕ್ರಮವಾಗಿ ಗುರುತಿಸಿದರೆ ಸಾಕು. ಆ ಪತ್ರಗಳಿಂದಲೇ, ಯಾವ ಇಬ್ಬರನ್ನು ತೆಗೆದುಕೊಂಡರೂ ಅವರಲ್ಲಿ ಹೆಚ್ಚು ಜನರು ಯಾರನ್ನು ಮೇಲೆ ಇಟ್ಟಿದ್ದಾರೆಂದು ತಿಳಿಯಬಹುದು. ಹೀಗೆ ಎದುರಾದ ಪ್ರತಿಯೊಬ್ಬರನ್ನೂ ಸೋಲಿಸುವವನು ಇದ್ದರೆ ಆಯ್ಕೆಯಾಗಬೇಕಾದವನು ಅವನೇ.

ಪ್ರಾಶಸ್ತ್ಯದ ಮತ ಕನ್ನಡಿಗರಿಗೆ ಅಪರಿಚಿತವಲ್ಲ. ವಿಧಾನ ಪರಿಷತ್ತಿನ ಪದವೀಧರ ಹಾಗೂ ಶಿಕ್ಷಕರ ಕ್ಷೇತ್ರಗಳಲ್ಲಿಯೂ ರಾಷ್ಟ್ರಪತಿಯ ಚುನಾವಣೆಯಲ್ಲಿಯೂ ಅದು ರೂಢಿಯಲ್ಲಿದೆ. ಆದರೆ ಅಲ್ಲಿಯ ಎಣಿಕೆಯ ಕ್ರಮ ಬೇರೆ: ಕಡಿಮೆ ಮತ ಪಡೆದವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸಲಾಗುತ್ತದೆ. 1969ರಲ್ಲಿ ರಾಷ್ಟ್ರಪತಿ ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ ಮೊದಲ ಎಣಿಕೆಯಿಂದ ಯಾರಿಗೂ ಬಹುಮತ ದೊರೆಯಲಿಲ್ಲ. ಮೂರನೆಯ ಸ್ಥಾನದಲ್ಲಿದ್ದ ಸಿ. ಡಿ. ದೇಶಮುಖ್ ಮೊದಲಾದವರ ಮತಗಳು ವರ್ಗವಾದ ಮೇಲೆ ವಿ. ವಿ. ಗಿರಿಯವರು 4,20,077 ಮತಮೌಲ್ಯವನ್ನೂ, ನೀಲಂ ಸಂಜೀವ ರೆಡ್ಡಿಯವರು 4,05,427 ಮತಮೌಲ್ಯವನ್ನೂ ಪಡೆದರು. ಗಿರಿಯವರಿಗೂ ರೆಡ್ಡಿಯವರಿಗೂ ಮೊದಲ ಮತ ಕೊಟ್ಟವರ ಎರಡನೆಯ ಪ್ರಾಶಸ್ತ್ಯ ಏನೆಂದು ನೋಡುವ ಅಗತ್ಯ ನಿಯಮಕ್ಕಿರಲಿಲ್ಲ. ಕೆಲವರ ಮಾತನ್ನು ಕೊನೆಯವರೆಗೆ ಕೇಳಲಾಯಿತು. ಹಲವರ ಮಾತು ಮೊದಲ ಪದಕ್ಕೇ ನಿಂತಿತು.

ಇದರಿಂದ ಫಲಿತಾಂಶವೇ ಬದಲಾಗಬಹುದೆಂಬುದಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರ ಸಾಕ್ಷಿಯಾಗಿದೆ. 2009ರಲ್ಲಿ ಅಲ್ಲಿ ನಡೆದ ಮೇಯರ್ ಚುನಾವಣೆಯ ಮೊದಲ ಎಣಿಕೆಯಲ್ಲಿ ಕರ್ಟ್ ರೈಟ್ 2951, ಬಾಬ್ ಕಿಸ್ 2585, ಆಂಡಿ ಮಾಂಟ್ರೋಲ್ 2063 ಮತ ಪಡೆದರು. ಕಡಿಮೆ ಮತದವರನ್ನು ಕೈಬಿಡುತ್ತ ಬಂದಾಗ ಮಾಂಟ್ರೋಲ್ ಹೊರಬಿದ್ದರು. ಕೊನೆಗೆ ಕಿಸ್ 4313 ಮತಗಳಿಂದ ರೈಟ್ ಅವರ 4061ನ್ನು ಮೀರಿ ಗೆದ್ದರು. ಆದರೆ ಅದೇ ಮತಪತ್ರಗಳನ್ನು ಇಬ್ಬಿಬ್ಬರಂತೆ ಹೋಲಿಸಿದಾಗ, ಮಾಂಟ್ರೋಲ್ ಅವರು ಕಿಸ್ ಅವರನ್ನು ಐನೂರಕ್ಕೂ ಹೆಚ್ಚು, ರೈಟ್ ಅವರನ್ನು ಒಂಬೈನೂರಕ್ಕೂ ಹೆಚ್ಚು ಮತಗಳಿಂದ ಸೋಲಿಸುತ್ತಿದ್ದರೆಂಬುದು ಗೋಚರವಾಯಿತು. ಪ್ರತಿಸ್ಪರ್ಧಿಗಳೆಲ್ಲರಿಗಿಂತಲೂ ಜನರು ಮೇಲೆಂದು ಎಣಿಸಿದವರೇ ಮೂರನೆಯವರಾಗಿ ಹೊರಗುಳಿದಿದ್ದರು. ಮರುವರ್ಷವೇ ನಾಗರಿಕರು ಆ ಪದ್ಧತಿಯನ್ನು ರದ್ದುಗೊಳಿಸಿದರು. ಹಲವು ವರ್ಷಗಳ ಬಳಿಕ ಅದನ್ನು ಮತ್ತೆ ಸ್ವೀಕರಿಸಿದರು.

ಇಲ್ಲಿ ಒಂದು ಆಕ್ಷೇಪವುಂಟು. ಹೆಚ್ಚು ಜನರ ಮೊದಲ ಆಯ್ಕೆಯಾಗದೆ, ಎಲ್ಲರಿಗೂ ‘ಪರವಾಗಿಲ್ಲ’ ಎನಿಸಿದವನನ್ನು ಗೆಲ್ಲಿಸುವುದು ಸರಿಯೇ? ದೃಢವಾದ ನಿಲುವಿನವನನ್ನು ಬಿಟ್ಟು ಯಾರನ್ನೂ ನೋಯಿಸದ ಸಪ್ಪೆ ಮನುಷ್ಯನಿಗೆ ಅಧಿಕಾರ ಕೊಟ್ಟಂತಾಗದೇ? ಈ ಶಂಕೆ ನಿರಾಧಾರವಲ್ಲ. ಮತಪತ್ರವು ಕ್ರಮವನ್ನು ಹೇಳುತ್ತದೆಯೇ ಹೊರತು ಒಲವಿನ ತೀವ್ರತೆಯನ್ನು ಅಳೆಯುವುದಿಲ್ಲ. ಆದರೆ ಅಧಿಕಾರವೆಂಬುದು ಬೆಂಬಲಿಗರಿಗೆ ಸಲ್ಲುವ ಬಹುಮಾನವಲ್ಲ. ಅದರ ಭಾರವನ್ನು ಎಲ್ಲರೂ ಹೊರಬೇಕಾಗುತ್ತದೆ. ಕೆಲವರ ಉತ್ಕಟ ಪ್ರೀತಿಗೂ ಹಲವರ ಭೀತಿಗೂ ಪಾತ್ರನಾದವನಿಗಿಂತ, ವಿರೋಧಿಗಳೂ ಸಹಿಸಬಲ್ಲವನು ಸಮುದಾಯಕ್ಕೆ ಮಾಡುವ ಹಿಂಸೆ ಕಡಿಮೆ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಅದನ್ನು ಕಂಡವನೂ ಕೊಂಡೊರ್ಸೆಯೇ. ಊರಿನ ಹಣವನ್ನು ಶಾಲೆಗೋ ಬಾವಿಗೋ ಗ್ರಂಥಾಲಯಕ್ಕೋ ವಿನಿಯೋಗಿಸಬೇಕೆಂದು ಮೂವರು ಕುಳಿತಿದ್ದಾರೆನ್ನೋಣ. ಒಬ್ಬನಿಗೆ ಶಾಲೆ, ಬಾವಿ, ಗ್ರಂಥಾಲಯ ಎಂಬ ಕ್ರಮ. ಇನ್ನೊಬ್ಬನಿಗೆ ಬಾವಿ, ಗ್ರಂಥಾಲಯ, ಶಾಲೆ. ಮತ್ತೊಬ್ಬನಿಗೆ ಗ್ರಂಥಾಲಯ, ಶಾಲೆ, ಬಾವಿ. ಆಗ ಶಾಲೆಯು ಬಾವಿಯನ್ನೂ, ಬಾವಿಯು ಗ್ರಂಥಾಲಯವನ್ನೂ, ಗ್ರಂಥಾಲಯವು ಶಾಲೆಯನ್ನೂ ಇಬ್ಬರು ಒಬ್ಬರಂತೆ ಸೋಲಿಸುತ್ತವೆ. ಪ್ರತಿಯೊಬ್ಬನ ವಿಚಾರವೂ ಸುಸಂಗತ. ಸಮೂಹದ ತೀರ್ಮಾನ ಮಾತ್ರ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಇಂಥಲ್ಲಿ ಬೇರೊಂದು ನಿಯಮವನ್ನು ಮೊದಲೇ ಗೊತ್ತುಮಾಡಿಕೊಂಡು ನಿರ್ಣಯಿಸಬೇಕೇ ಹೊರತು ‘ಜನಾಭಿಪ್ರಾಯ ಇದೇ’ ಎಂದು ಘೋಷಿಸುವ ಹಕ್ಕು ಯಾರಿಗೂ ಇಲ್ಲ. ಕೆಲವೊಮ್ಮೆ ಅಂಥ ಒಂದೇ ಅಭಿಪ್ರಾಯವು ಇರುವುದೇ ಇಲ್ಲ.

ಆದುದರಿಂದ ಈ ಪದ್ಧತಿಯ ಬೆಲೆ ಎರಡು ಬಗೆಯದು. ಎಲ್ಲರ ಮಾತನ್ನೂ ಪೂರ್ಣವಾಗಿ ಕೇಳಿದ ಮೇಲೆಯೇ ತೀರ್ಪು ನೀಡಬೇಕೆಂದು ಅದು ಕಲಿಸುತ್ತದೆ. ಕೇಳಿದ ಮೇಲೂ ತೀರ್ಪು ದೊರೆಯದಿರಬಹುದೆಂಬ ವಿನಯವನ್ನೂ ಕಲಿಸುತ್ತದೆ. ಎಣಿಕೆ ಎಷ್ಟೇ ಶುದ್ಧವಾಗಿರಲಿ, ಅದು ಅಂತಃಸಾಕ್ಷಿಯ ಸ್ಥಾನವನ್ನು ತುಂಬಲಾರದು. ಮರಣದಂಡನೆಯನ್ನು ತತ್ತ್ವತಃ ವಿರೋಧಿಸಿದ್ದ ಕೊಂಡೊರ್ಸೆ, ಪದಚ್ಯುತನಾದ ರಾಜನಿಗೂ ಅದು ಸಲ್ಲದೆಂದು ನಿಂತನು. 1793ರಲ್ಲಿ ಹೊಸ ಸಂವಿಧಾನವನ್ನು ಟೀಕಿಸಿದುದಕ್ಕಾಗಿ, ತಾನೇ ಸದಸ್ಯನಾಗಿದ್ದ ಸಭೆ ಅವನ ಬಂಧನಕ್ಕೆ ಆಜ್ಞೆ ಹೊರಡಿಸಿತು. 1794ರಲ್ಲಿ ಅವನು ಸೆರೆಮನೆಯಲ್ಲಿ ಮೃತನಾದನು. ಬಹುಮತವನ್ನು ಸರಿಯಾಗಿ ಎಣಿಸುವುದು ಹೇಗೆಂದು ಲೋಕಕ್ಕೆ ತಿಳಿಸಿದವನು, ಬಹುಮತವೆಲ್ಲ ನ್ಯಾಯವಲ್ಲವೆಂಬುದನ್ನು ತನ್ನ ಬಾಳಿನಿಂದಲೂ ತಿಳಿಸಿಹೋದನು. ಗೆದ್ದವರು ನೆನಪಿನಲ್ಲಿಡಬೇಕಾದುದು ಇದನ್ನೇ.