ಕಾಡಿಗಿಟ್ಟ ಬೆಂಕಿ, ಊರಿಗಿಟ್ಟ ಬೆಂಕಿ

ಅಳ್ನಾವರದ ನಿಲ್ದಾಣದಿಂದ ಮೂರು ಕಡೆಗೆ ಹಳಿಗಳು ಹೊರಡುತ್ತವೆ. ಒಂದು ಧಾರವಾಡಕ್ಕೆ, ಒಂದು ಲೋಂಡಾಕ್ಕೆ, ಮೂರನೆಯದು ದಾಂಡೇಲಿಯ ಕಾಡಿನ ಕಡೆಗೆ. ಮೂರನೆಯ ಹಾದಿ ಹುಟ್ಟಿದ್ದೇ ಮುಖ್ಯವಾಗಿ ಕಾಡಿನ ದಿಮ್ಮಿಗಳನ್ನು ಹೊರತರುವುದಕ್ಕಾಗಿ. ಆದುದರಿಂದ ಈ ಭಾಗದ ಶ್ರಾವಕರಿಗೆ ಖರಕರ್ಮಗಳ ಪಟ್ಟಿಯು ಬರಿಯ ಗ್ರಂಥದ ಮಾತಾಗಿ ಉಳಿದಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ 'ಸಾಗಾರಧರ್ಮಾಮೃತ'ದಲ್ಲಿ ಪರಂಪರೆಯಿಂದ ಬಂದ ಹದಿನೈದು ಕ್ರೂರ ವೃತ್ತಿಗಳನ್ನು ಎಣಿಸುತ್ತಾರೆ. ಮರ ಕಡಿದು ಮಾರುವುದು ಅದರಲ್ಲಿದೆ, ಗಾಡಿ ಬಾಡಿಗೆ ಇದೆ, ಗಾಣವೂ ಇದೆ. ವ್ಯಾಪಾರಸ್ಥರು ಸಾಮಾನ್ಯವಾಗಿ ಈ ಪುಟವನ್ನು ತುಸು ಅವಸರದಿಂದ ತಿರುವುತ್ತಾರೆ. ಒಬ್ಬೊಬ್ಬರ ಅಂಗಡಿಯೂ ಅದರಲ್ಲಿ ಎಲ್ಲಿಯಾದರೂ ಒಂದು ಕಡೆ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣವಿರಬೇಕು.

ಆ ಹದಿನೈದರಲ್ಲಿ 'ದವಪ್ರದ' ಎಂಬುದೊಂದುಂಟು; ಅಡವಿಗೆ ಬೆಂಕಿಯಿಡುವುದು ಎಂದು ಅದರ ಅರ್ಥ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಕಿಡಿ ತಾಗಿಸಿದರೆ ಮೊದಲ ಮಳೆಗೆ ಹೊಸ ಹುಲ್ಲು ಚಿಗುರುತ್ತದೆ, ದನಗಳಿಗೆ ಮೇವಾಗುತ್ತದೆ. ಬೆಂಕಿಯಿಟ್ಟವನಿಗೆ ಬೇಕಾದುದು ಹುಲ್ಲು ಮಾತ್ರ. ಮೊಲದ ಮೇಲೆ ಅವನಿಗೆ ಹಗೆಯಿಲ್ಲ. ಗೂಡಿನಲ್ಲಿರುವ ಮರಿಹಕ್ಕಿಯನ್ನು ಅವನು ಕಂಡೂ ಇರುವುದಿಲ್ಲ. ಕೇಳಿದರೆ, ತಾನು ಯಾರನ್ನೂ ಕೊಂದಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಿಯಾನು. ಆದರೂ ಆಚಾರ್ಯರು ಈ ಮಾತನ್ನು ಒಪ್ಪಲಿಲ್ಲ. ಹೇಮಚಂದ್ರಾಚಾರ್ಯರು 'ಯೋಗಶಾಸ್ತ್ರ'ದಲ್ಲಿ ಇದನ್ನು ಇನ್ನೂ ಬಿಡಿಸಿ, ಕಾಡಿಗೆ ಬೆಂಕಿಯಿಡುವವರಲ್ಲಿ ಎರಡು ಬಗೆಯುಂಟೆಂದು ತೋರಿಸಿದ್ದಾರೆ: ಚಟದಿಂದ ಇಡುವವರು ಕೆಲವರು, ಪುಣ್ಯ ಬರುತ್ತದೆಂಬ ಬುದ್ಧಿಯಿಂದ ಇಡುವವರು ಕೆಲವರು. ಎರಡನೆಯ ಬಗೆಯವರನ್ನೂ ಅವರು ಪಟ್ಟಿಯಿಂದ ಬಿಟ್ಟುಕೊಡಲಿಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ದೃಷ್ಟಾಂತ ಎಲ್ಲರಿಗೂ ಗೊತ್ತಿದ್ದುದೇ. ಈರ್ಯಾಸಮಿತಿಯಿಂದ, ಅಂದರೆ ನಾಲ್ಕು ಮೊಳ ಮುಂದೆ ನೆಲ ನೋಡಿ ನಡೆಯುವ ಮುನಿಯ ಕಾಲಡಿಗೆ ಫಕ್ಕನೆ ಒಂದು ಕ್ಷುದ್ರಜೀವಿ ಬಂದು ಸತ್ತರೆ ಅವರಿಗೆ ಆ ನಿಮಿತ್ತವಾದ ಬಂಧವಿಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆ, ಬರಿಯ ಪ್ರಾಣವಿಯೋಗದಲ್ಲಿಲ್ಲ ಎಂಬುದು ಕುಂದಕುಂದಾಚಾರ್ಯರು, ಉಮಾಸ್ವಾತಿಗಳು ಮೊದಲಾದವರ ನಿಲುವು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಕಾರ್ಖಾನೆಗಳ ಊರುಗಳ ಮೇಲೆ ಆಕಾಶದಿಂದ ಬಾಂಬು ಸುರಿದವರ ಪರವಾಗಿ ಇಂದಿಗೂ ಕೇಳಿಬರುವ ವಾದವು ಬಹುಮಟ್ಟಿಗೆ ಈ ಮುನಿಯ ದೃಷ್ಟಾಂತವನ್ನೇ ಹೋಲುತ್ತದೆ. ಗುರಿ ಇದ್ದುದು ಕಾರ್ಖಾನೆ; ಅದರ ಸುತ್ತ ಮನೆಗಳಿದ್ದವು; ಸತ್ತವರು ಸತ್ತರು, ಆದರೆ ಕೊಲ್ಲುವ ಸಂಕಲ್ಪ ಇರಲಿಲ್ಲ. ಹಾಗಾದರೆ ಆ ಊರಿನವರು ಮುನಿಯ ಕಾಲಡಿಯ ಜೀವಿಗಳೋ, ದವಾಗ್ನಿಗೆ ಸಿಕ್ಕ ಜೀವಿಗಳೋ? ಪ್ರಶ್ನೆ ಹಳೆಯ ಯುದ್ಧದ್ದೇ ಆದರೂ ಇತ್ಯರ್ಥವಾಗಿಲ್ಲ.

ನಡೆದ ಸಂಗತಿಗಳನ್ನು ಮೊದಲು ನೋಡಬೇಕು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿ ನಗರವನ್ನು ಸುಟ್ಟವು. ವಿಮಾನದ ಎಂಜಿನ್ನು, ಮೋಟಾರು ತಯಾರಾಗುತ್ತಿದ್ದ ಊರದು. ಕಾರ್ಖಾನೆಗಳು ಮನೆಗಳ ನಡುವೆಯೇ ಇದ್ದವು. ಸತ್ತವರು 568 ಜನ. ಬ್ರಿಟಿಷರು ಪ್ರತಿಯಾಗಿ ಜರ್ಮನಿಯ ಕಾರ್ಖಾನೆಗಳ ಮೇಲೆ ರಾತ್ರಿ ದಾಳಿ ನಡೆಸಿದರು. 1941ರ ಆಗಸ್ಟಿನಲ್ಲಿ ಆ ದಾಳಿಗಳ ಫೋಟೋಗಳನ್ನು ಪರೀಕ್ಷಿಸಿದ ಬಟ್ ವರದಿ ಒಂದು ಕಹಿ ಸತ್ಯವನ್ನು ಹೊರಗೆಡಹಿತು: ಗುರಿಯ ಮೇಲೆ ಬಾಂಬು ಹಾಕಿದೆವೆಂದು ಹೇಳಿದ ವಿಮಾನಗಳಲ್ಲಿ ಅದರ ಐದು ಮೈಲು ಸುತ್ತಳತೆಯೊಳಗೆ ಬಂದವು ಮೂರರಲ್ಲಿ ಒಂದು ಮಾತ್ರ. ಇಲ್ಲಿ ಎರಡು ದಾರಿಗಳಿದ್ದವು. ಗುರಿ ಮುಟ್ಟದ ಕೆಲಸವನ್ನು ನಿಲ್ಲಿಸುವುದು ಒಂದು. ಮುಟ್ಟಿದ್ದನ್ನೇ ಗುರಿಯೆಂದು ಕರೆಯುವುದು ಇನ್ನೊಂದು. 1942ರ ಫೆಬ್ರವರಿ 14ರ ಆದೇಶವು ಎರಡನೆಯದನ್ನು ಆರಿಸಿಕೊಂಡಿತು. ಶತ್ರುದೇಶದ ನಾಗರಿಕರ, ಅದರಲ್ಲಿಯೂ ಕಾರ್ಖಾನೆಯ ಕಾರ್ಮಿಕರ, ಮನೋಧೈರ್ಯವನ್ನು ಮುರಿಯುವುದೇ ಇನ್ನು ಮುಂದೆ ಮುಖ್ಯ ಉದ್ದೇಶವೆಂದು ಅದು ಸಾರಿತು. ಮರುತಿಂಗಳೇ ಪ್ರಧಾನಿಯ ವಿಜ್ಞಾನ ಸಲಹೆಗಾರ ಲಾರ್ಡ್ ಚರ್ವೆಲ್ ಒಂದು ಟಿಪ್ಪಣಿ ಬರೆದು, ಇಷ್ಟು ಟನ್ ಬಾಂಬಿಗೆ ಇಷ್ಟು ಜನ ಮನೆ ಕಳೆದುಕೊಳ್ಳುತ್ತಾರೆಂದು ಲೆಕ್ಕ ಕೊಟ್ಟರು.

ಲೆಕ್ಕ ಬರೆದು ಬಲ್ಲವರು ಈ ಹಂತದಲ್ಲಿ ಸ್ವಲ್ಪ ನಿಲ್ಲಬೇಕು. ವ್ಯಾಪಾರದಲ್ಲಿ ಅಕಸ್ಮಾತ್ತಾಗಿ ಆದ ನಷ್ಟಕ್ಕೂ, ವರ್ಷಾರಂಭದಲ್ಲಿಯೇ ಅಂದಾಜುಪಟ್ಟಿಯಲ್ಲಿ ಹಿಡಿದಿಟ್ಟ ಖರ್ಚಿಗೂ ಭೇದವಿದೆ. ಮೊದಲೇ ಹಿಡಿದಿಟ್ಟ ಖರ್ಚನ್ನು ಯಾವ ಗುಮಾಸ್ತನೂ ಆಕಸ್ಮಿಕವೆಂದು ಖತಾವಣಿಯಲ್ಲಿ ತೋರಿಸಲಾರನು. ಮನೆಗಳು ಉರಿಯುವುದು ಅಂದಾಜಿನ ಒಳಗೇ ಬಂದ ದಿನದಿಂದ ಮುನಿಯ ಪಾದದ ದೃಷ್ಟಾಂತ ಅಲ್ಲಿ ಸಲ್ಲದೆ ಹೋಯಿತು. ಅಷ್ಟೇ ಅಲ್ಲ, ದವಪ್ರದದ ದೃಷ್ಟಾಂತವೂ ಪೂರ್ತಿ ಸಾಲದಾಯಿತು. ಹುಲ್ಲಿಗಾಗಿ ಬೆಂಕಿಯಿಟ್ಟವನಿಗೆ ಮೊಲ ಸತ್ತುದರಿಂದ ಲಾಭವಿಲ್ಲ. ಇವರಿಗಾದರೋ ಜನರ ಸಂಕಟವೇ ಬೇಕಾದ ಬೆಳೆಯಾಗಿತ್ತು. ಶಾಸ್ತ್ರದ ನಾಲ್ಕು ಬಗೆಯ ಹಿಂಸೆಗಳಲ್ಲಿ ವಿರೋಧೀ ಹಿಂಸೆಯೆಂದು ಆರಂಭವಾದುದು ಸಂಕಲ್ಪೀ ಹಿಂಸೆಯ ಕಡೆಗೆ ಜಾರಿದ್ದು ಹೀಗೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗಿನಲ್ಲಿ ಎದ್ದ ಬೆಂಕಿಯ ಬಿರುಗಾಳಿಗೆ ಆಹುತಿಯಾದವರು ಮೂವತ್ತೈದು ಸಾವಿರಕ್ಕೂ ಹೆಚ್ಚು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು 25,000 ಜನ. ಅದೇ ವರ್ಷ ಮಾರ್ಚ್ 9-10ರ ಒಂದೇ ರಾತ್ರಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ. ಅಲ್ಲಿ ಕಟ್ಟಿಗೆಯ ಮನೆಗಳ ಮೇಲೆ ಬೆಂಕಿಬಾಂಬುಗಳನ್ನೇ ಹಾಕಲಾಯಿತು. ಮನೆಮನೆಯಲ್ಲೂ ಯುದ್ಧಸಾಮಗ್ರಿಯ ಬಿಡಿಭಾಗಗಳು ತಯಾರಾಗುತ್ತಿದ್ದವೆಂಬುದು ಕೊಟ್ಟ ಸಮರ್ಥನೆ. ಆಮೇಲೆ ಹಿರೋಶಿಮಾ, ನಾಗಾಸಾಕಿ. ಬಾಂಬು ಹಾಕಲು ಹೋದ ತರುಣರೂ ಬದುಕಿ ಬರಲಿಲ್ಲ. ಬ್ರಿಟಿಷ್ ಬಾಂಬರ್ ದಳವೊಂದರಲ್ಲೇ 55,573 ಜನ ಮಡಿದರು. ಇಷ್ಟಾಗಿ ಜರ್ಮನಿಯ ಯುದ್ಧೋತ್ಪಾದನೆ 1944ರ ನಡುವಿನವರೆಗೂ ಏರುತ್ತಲೇ ಇತ್ತೆಂದು ಯುದ್ಧಾನಂತರದ ಅಮೇರಿಕನ್ ಸಮೀಕ್ಷೆ ಕಂಡುಕೊಂಡಿತು. ಇದನ್ನು ಆ ಕಾಲದಲ್ಲಿಯೇ, ಗೆಲ್ಲುತ್ತಿದ್ದ ಪಕ್ಷದಲ್ಲಿಯೇ ನಿಂತು ಪ್ರಶ್ನಿಸಿದವರೂ ಇದ್ದರು. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ 1944ರ ಫೆಬ್ರವರಿ 9ರಂದು ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ ಎದ್ದುನಿಂತು, ಊರಿಗೆ ಊರನ್ನೇ ಸುಡುವುದು ಯುದ್ಧದ ಯಾವ ನ್ಯಾಯವೆಂದು ಕೇಳಿದರು. ನಾಜಿಗಳ ಕಡುವಿರೋಧಿಯಾಗಿದ್ದ ಅವರನ್ನು ಶತ್ರುಪಕ್ಷಪಾತಿ ಎನ್ನಲು ಯಾರಿಗೂ ಬರುವಂತಿರಲಿಲ್ಲ.

ಇದೆಲ್ಲ ದೂರದೇಶದ ಕಥೆಯೆಂದು ಕನ್ನಡನಾಡಿನ ಶ್ರಾವಕನು ನಿರಾಳವಾಗುವಂತಿಲ್ಲ. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದವರು ಸೊಲ್ಲಾಪುರದ ದಿಗಂಬರ ಜೈನ ವ್ಯಾಪಾರಿ ಮನೆತನದ ವಾಲಚಂದ ಹೀರಾಚಂದರು. ಅಮೇರಿಕದ ವಿಲಿಯಂ ಪಾಲಿಯವರ ಸಹಕಾರ ಪಡೆದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರಕಾರ ಭೂಮಿಯನ್ನೂ ಇಪ್ಪತ್ತೈದು ಲಕ್ಷ ರೂಪಾಯಿಗಳ ಬಂಡವಾಳವನ್ನೂ ಕೊಟ್ಟಿತು. ಹಡಗು, ವಿಮಾನ, ಮೋಟಾರು ಈ ಮೂರನ್ನೂ ಭಾರತೀಯರೇ ಮಾಡಬೇಕೆಂಬ ಹಂಬಲ ವಾಲಚಂದರದು. ಪರಾಧೀನ ದೇಶದಲ್ಲಿ ಅದು ಸಣ್ಣ ಧ್ಯೇಯವಲ್ಲ. ಆದರೆ ಮೊದಲ ಯೋಜನೆಯಲ್ಲಿಯೇ ತರಬೇತಿ ವಿಮಾನದ ಜೊತೆಗೆ ಹೋರಾಟದ ವಿಮಾನವೂ ವಲ್ಟೀ ಎಂಬ ಬಾಂಬರೂ ಸೇರಿದ್ದವು. 1942ರಲ್ಲಿ ಭಾರತ ಸರಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೇರಿಕದ ಸೇನಾವಾಯುದಳದ ಕೈಗೆ ಬಂದು, ಅದರ 84ನೆಯ ಏರ್ ಡಿಪೋ ಆಗಿ, ಪೂರ್ವರಣರಂಗದ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಸಾವಿರಾರು ಸ್ಥಳೀಯ ಕೆಲಸಗಾರರ ಕೈ ಆ ಯಂತ್ರಗಳ ಮೇಲೆ ಆಡಿತು.

ವಿಧಿಯ ಇನ್ನೊಂದು ಮುಖವೂ ಇಲ್ಲಿದೆ. ವಾಲಚಂದರ ಸಿಂಧಿಯಾ ಕಂಪನಿ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಯನ್ನು ಕಟ್ಟಲಾರಂಭಿಸಿತ್ತು. 1941ರ ಜೂನ್ 21ರಂದು ಬಾಬು ರಾಜೇಂದ್ರಪ್ರಸಾದರು ಅಡಿಗಲ್ಲು ಇಟ್ಟಿದ್ದರು. ಒಂದು ವರ್ಷ ತುಂಬುವ ಮೊದಲೇ, 1942ರ ಏಪ್ರಿಲ್ 6ರಂದು, ಜಪಾನಿನ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದವು. ಒಬ್ಬನೇ ವ್ಯಾಪಾರಿ ಸ್ಥಾಪಿಸಿದ ಎರಡು ಉದ್ಯಮಗಳಲ್ಲಿ ಒಂದು ಯುದ್ಧವಿಮಾನಗಳನ್ನು ಸಜ್ಜುಗೊಳಿಸುವ ಠಾಣೆಯಾಯಿತು, ಇನ್ನೊಂದು ಇದ್ದ ಊರು ಅಂತಹ ವಿಮಾನಗಳಿಗೆ ಗುರಿಯಾಯಿತು.

ಹಾಗಾದರೆ ಅದರ ಪಾಪ ಯಾರ ಲೆಕ್ಕಕ್ಕೆ? ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು, ಮನಸ್ಸಿನಿಂದ, ಮಾತಿನಿಂದ, ಕಾಯದಿಂದ, ಸಂಕಲ್ಪ, ಸಿದ್ಧತೆ, ಕಾರ್ಯ ಎಂಬ ಮೂರು ಹಂತ, ನಾಲ್ಕು ಕಷಾಯ. ಹೀಗೆ ಗುಣಿಸಿ 108 ದ್ವಾರಗಳನ್ನು ತತ್ತ್ವಾರ್ಥಸೂತ್ರದ ಸಂಪ್ರದಾಯ ಎಣಿಸುತ್ತದೆ. ಜಪಮಣಿಯ ಸಂಖ್ಯೆಯನ್ನು ಕೆಲವರು ಇದಕ್ಕೇ ಹೊಂದಿಸಿ ಹೇಳುವುದುಂಟು. ಭಗವತೀಸೂತ್ರವಂತೂ ಇನ್ನೂ ಮುಂದೆ ಹೋಗಿ, ಬಾಣ ಬಿಟ್ಟವನನ್ನಲ್ಲದೆ, ಯಾವ ಜೀವಿಗಳ ಶರೀರದಿಂದ ಬಿಲ್ಲು ತಯಾರಾಯಿತೋ ಆ ಜೀವಿಗಳನ್ನೂ ಕ್ರಿಯೆ ಸ್ಪರ್ಶಿಸುತ್ತದೆಂದು ಹೇಳುತ್ತದೆ. ಇದನ್ನು ಅಕ್ಷರಶಃ ಹಿಡಿದರೆ ಉಸಿರಾಡುವುದೂ ಕಷ್ಟವೆಂದು ತೋರಬಹುದು. ಆದರೆ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ತೂಕದ ಕಲ್ಲನ್ನೂ ಕೊಟ್ಟಿದ್ದಾರೆ. ಒಬ್ಬನು ಮಾಡಿದ ಹಿಂಸೆಯ ಫಲವನ್ನು ಅನೇಕರು ಉಣ್ಣುವುದುಂಟು. ಅನೇಕರು ಮಾಡಿದ್ದನ್ನು ಒಬ್ಬನು ಉಣ್ಣುವುದುಂಟು. ಕೂಡಿ ಮಾಡಿದ ಒಂದೇ ಕೆಲಸವು ಒಬ್ಬನಿಗೆ ತೀವ್ರ, ಇನ್ನೊಬ್ಬನಿಗೆ ಮಂದ. ಪರಿಣಾಮಗಳ ತೀವ್ರತೆಯಂತೆ ಫಲ.

ಈ ತಕ್ಕಡಿಯಲ್ಲಿ ಬೆಂಗಳೂರಿನ ಫಿಟ್ಟರನು ಒಂದು ಕಡೆಯಾದರೆ, ಕಚೇರಿಯಲ್ಲಿ ಕುಳಿತು ಅಂಕಿ ಜೋಡಿಸಿದವನು ಇನ್ನೊಂದು ಕಡೆ. ರಾಬರ್ಟ್ ಮ್ಯಾಕ್‌ನಮಾರಾ ಹಾರ್ವರ್ಡಿನಲ್ಲಿ ಅಕೌಂಟೆನ್ಸಿ ಕಲಿಸುತ್ತಿದ್ದವರು. 1944ರಲ್ಲಿ ಬಂಗಾಲದ ಖರಗಪುರದ ಸುತ್ತ ನೆಲೆಯೂರಿದ್ದ ಬಿ-29 ಬಾಂಬರ್ ದಳಕ್ಕೆ ಅಂಕಿ-ಅಂಶಗಳ ಅಧಿಕಾರಿಯಾಗಿ ಬಂದರು. ಆ ದಳ ಚೀನಾದ ಮಾರ್ಗವಾಗಿ ಜೂನ್ 15ರಂದು ಜಪಾನಿನ ಯಾವಾಟಾ ಉಕ್ಕಿನ ಕಾರ್ಖಾನೆಯ ಮೇಲೆ ಹೋದಾಗ ಕಾರ್ಖಾನೆಗಾದ ಹಾನಿ ಅತ್ಯಲ್ಪ. ಗುರಿಯಿಟ್ಟು ಹಾಕುವುದು ದುಬಾರಿ, ಸುಡುವುದು ಅಗ್ಗ ಎಂಬ ತೀರ್ಮಾನದ ಕಡೆಗೆ ಇಂತಹ ಅಂಕಿಗಳೇ ದಾರಿ ಮಾಡಿದವು. ಬಹುಕಾಲದ ಮೇಲೆ, 2003ರ ಒಂದು ಸಾಕ್ಷ್ಯಚಿತ್ರದಲ್ಲಿ, ಟೋಕಿಯೋವನ್ನು ಸುಡುವ ಶಿಫಾರಸು ಮಾಡಿದ ಯಂತ್ರದಲ್ಲಿ ತಾವೂ ಒಂದು ಭಾಗವಾಗಿದ್ದುದನ್ನು ಅವರು ಒಪ್ಪಿಕೊಂಡರು. ಆಗ ಅವರಿಗೆ ಎಂಬತ್ತರ ಮೇಲಾಗಿತ್ತು. ಒಂದು ಹನಿ ರಕ್ತವನ್ನೂ ಕಾಣದೆ ಲೆಕ್ಕಪುಸ್ತಕದ ಮುಂದೆ ಕುಳಿತವನಿಗೂ ಆಲೋಚನೆಯ ಅಪರಾಧ ಹತ್ತುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಹಿಟ್ಲರನಂತಹವನು ಬಂದಾಗ ಕೈಕಟ್ಟಿ ಕೂಡಬೇಕಿತ್ತೇ? ಹಾಗೆಂದು ಜೈನಧರ್ಮ ಹೇಳಿಲ್ಲ. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಹೊಯ್ಸಳರ ಗಂಗರಾಜನೂ ದಂಡನಾಯಕನೇ. ಆಕ್ರಮಣವನ್ನು ತಡೆಯುವ ಗೃಹಸ್ಥನಿಗೆ ವಿರೋಧೀ ಹಿಂಸೆಯ ಮಟ್ಟಿಗೆ ಅವಕಾಶವಿದೆ. ಆದರೆ ಆ ಅವಕಾಶ ಯಾರ ಎದುರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಭರತ-ಬಾಹುಬಲಿಗಳ ಸೇನೆಗಳು ಎದುರಾದಾಗ ಎರಡೂ ಕಡೆಯ ಮಂತ್ರಿಗಳು ಕೂಡಿ ಯೋಚಿಸಿದ್ದು ಇದನ್ನೇ. ಇವರಿಬ್ಬರೂ ಚರಮದೇಹಿಗಳು, ಇವರಿಗೇನೂ ಆಗದು. ಸಾಯುವವರು ನಡುವಿನ ಜನ. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಿಶ್ಚಯವಾದವು. ಆಯುಧ ಹಿಡಿದು ಬಂದಿದ್ದ ಸೈನಿಕರನ್ನೂ ಉಳಿಸಬೇಕೆಂದು ಅವರು ನೋಡಿದ್ದಾರೆ. ಆಯುಧವಿಲ್ಲದ ತಾಯಿಮಕ್ಕಳ ಮಾತೇ ಅಲ್ಲಿ ಏಳಲಿಲ್ಲ.

ಪುರಾಣದ ಮಾತು ಇಂದಿನ ಯುದ್ಧಕ್ಕೆ ನಡೆಯದೆಂದು ಕೆಲವರು ಹೇಳಿಯಾರು. ಅಳ್ನಾವರಕ್ಕೆ ದೂರವಲ್ಲದ ಒಂದು ಪ್ರಸಂಗವಿದೆ. 1961ರ ಡಿಸೆಂಬರ್ 18ರಂದು ಗೋವೆಯ ಕಾರ್ಯಾಚರಣೆಯಲ್ಲಿ ಪುಣೆಯಿಂದ ಹೊರಟ ಕ್ಯಾನ್‌ಬೆರಾ ಬಾಂಬರುಗಳು ದಾಬೋಳಿಯ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದವು. ಬೆಳಗಾವಿಯ ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ದಾಬೋಳಿಯಲ್ಲಿ ಓಡುದಾರಿಯನ್ನು ಮಾತ್ರ ಕೆಡಿಸಬೇಕು, ಕಟ್ಟಡಗಳನ್ನು ಮುಟ್ಟಬಾರದೆಂದು ಏರ್ ವೈಸ್ ಮಾರ್ಷಲ್ ಪಿಂಟೊ ಅವರ ಆದೇಶವಿತ್ತು. ಅದು ದುರ್ಬಲ ಶತ್ರುವಿನ ಎದುರಿನ ಸಣ್ಣ ಯುದ್ಧವೆಂಬುದು ನಿಜ. ಟೋಕಿಯೋದೊಡನೆ ಅದನ್ನು ಸರಿದೂಗಿಸಲಾಗದು. ಆದರೆ ಗುರಿಗೆ ಎಲ್ಲೆ ಹಾಕುವುದು ಯುದ್ಧದಲ್ಲಿಯೂ ಅಸಾಧ್ಯವಲ್ಲವೆಂಬಷ್ಟಕ್ಕೆ ಅದು ಸಾಕ್ಷಿ. ಊರಿನೊಳಗೆ ಬೇರೆಬೇರೆಯಾಗಿರುವ ಗುರಿಗಳನ್ನು ಒಂದೇ ಗುರಿಯೆಂದು ಭಾವಿಸಿ ಬಾಂಬು ಹಾಕುವುದನ್ನು 1977ರ ಜಿನೀವಾ ಪೂರಕ ಒಪ್ಪಂದ ನಿಷೇಧಿಸಿತು. ಅಹಿಂಸೆಯ ನಾಡೆನಿಸಿದ ಭಾರತ ಅದಕ್ಕೆ ಇಂದಿಗೂ ಸಹಿ ಹಾಕಿಲ್ಲ. ಸರಕಾರಕ್ಕೆ ಅದರದೇ ಕಾರಣಗಳಿರಬಹುದು, ಆದರೆ ಸಮಾಜವು ಅದನ್ನು ಕೇಳಿಯೂ ಇಲ್ಲವೆಂಬುದು ಖೇದದ ಸಂಗತಿ.

ಉಳಿದುದು ಶ್ರಾವಕನ ಮನೆಯ ಪ್ರಶ್ನೆ. ಇಂದು ಜೈನ ಮನೆತನಗಳ ಮಕ್ಕಳು ಎಂಜಿನಿಯರುಗಳಾಗಿ ಬೆಂಗಳೂರಿನ ವಿಮಾನ ಕಾರ್ಖಾನೆಗಳಲ್ಲಿದ್ದಾರೆ. ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಎರಕದ, ಲೇತಿನ ಸಣ್ಣ ಕಾರ್ಖಾನೆಗಳನ್ನು ನಡೆಸುವವರೂ ಇದ್ದಾರೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಹೇಳುವಾಗ ಖಡ್ಗದ ಜೊತೆಗೆ ಕೊಡಲಿಯನ್ನೂ ಗುದ್ದಲಿಯನ್ನೂ ಬೆಂಕಿಯನ್ನೂ ಸೇರಿಸಿದ್ದಾರೆ. ಗುದ್ದಲಿ ಕೊಡುವುದೆಲ್ಲ ಪಾಪವೆಂದು ಯಾವ ರೈತನೂ ಭಾವಿಸಿಲ್ಲ. ಯಾರ ಕೈಗೆ, ಯಾವ ಕೆಲಸಕ್ಕೆ ಎಂದು ವಿಚಾರಿಸದೆ ಕೊಡಬಾರದೆಂಬುದೇ ಅದರ ಆಶಯವಾಗಿರಬೇಕು. ಆರ್ಡರು ಬಂದಾಗ ದರ, ಮುದ್ದತು, ಮುಂಗಡ ಇವಿಷ್ಟನ್ನು ಎಲ್ಲರೂ ಕೇಳುತ್ತಾರೆ. ಆ ಭಾಗ ಯಾವ ಯಂತ್ರಕ್ಕೆ ಕೂಡುತ್ತದೆ, ಆ ಯಂತ್ರ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಕೇಳಿದರೆ ಆರ್ಡರು ಪಕ್ಕದ ಕಾರ್ಖಾನೆಗೆ ಹೋಗುತ್ತದೆಂಬ ಅಂಜಿಕೆಯೂ ಸುಳ್ಳಲ್ಲ. ಸಾಲದ ಕಂತು, ಕೆಲಸಗಾರರ ಪಗಾರ ತಪ್ಪುವುದಿಲ್ಲ. ಆ ನಷ್ಟವನ್ನು ಅಪರಿಗ್ರಹದ ಖಾತೆಗೆ ಬರೆದುಕೊಳ್ಳಲು ಸಿದ್ಧನಿರುವವನು ಮಾತ್ರ ಕೇಳಬಲ್ಲನು.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯವರು ಕಾನಪುರದ ಮೈದಾನದಲ್ಲಿ ತಮ್ಮ ಲಿಬರೇಟರ್ ಬಾಂಬರುಗಳನ್ನು ಕೆಡಿಸಿ ಬಿಟ್ಟುಹೋಗಿದ್ದರು. 1948ರಲ್ಲಿ ಅವುಗಳಲ್ಲಿ ನಲವತ್ತರಷ್ಟನ್ನು ಹಾರುವಷ್ಟು ಮಟ್ಟಿಗೆ ಸರಿಪಡಿಸಿ ಬೆಂಗಳೂರಿಗೆ ತಂದರು. ವಾಲಚಂದರು ಸ್ಥಾಪಿಸಿದ ಕಾರ್ಖಾನೆಯ ಕುಶಲಿಗಳು ಅವನ್ನು ಪುನಃ ಕಟ್ಟಿದರು. ಭಾರತೀಯ ವಾಯುಪಡೆಯಲ್ಲಿ ಅವು 1968ರವರೆಗೆ ಇದ್ದವು. ಬಹುಕಾಲ ಸಮುದ್ರದ ಮೇಲೆ ಕಾವಲು ತಿರುಗಿದವು. ಅವುಗಳಲ್ಲೊಂದು ಈಗ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ.