ಪೀಠಕ್ಕೆ ತಕ್ಕ ಪಾತ್ರತೆ



ಚಿತ್ರದುರ್ಗದ ತೆಂಕಣಕ್ಕೆ ಹಬ್ಬಿರುವ ಜೋಗಿಮಟ್ಟಿಯ ಬೆಟ್ಟಸಾಲನ್ನು ನೀವೆಲ್ಲರೂ ಬಲ್ಲಿರಿ. ಆ ಬೆಟ್ಟ ಜೋಗಿಯ ಹೆಸರನ್ನು ಹೊತ್ತು ನಿಂತಿದೆ. ಅದರ ಮಗ್ಗುಲಲ್ಲಿಯೇ ಏಳು ಸುತ್ತಿನ ಕೋಟೆಯೂ ನಿಂತಿದೆ. ಆದರೆ ಅದನ್ನಾಳಿದ ನಾಯಕರ ಪ್ರಭುತ್ವವು 1779ರಲ್ಲಿ ಹೈದರಾಲಿಯಿಂದ ಕೊನೆಗಂಡಿತು. ಅದಕ್ಕೂ ನೂರು ವರ್ಷ ಹಿಂದೆ, 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಪಟ್ಟಕ್ಕೆ ಯಾರು ಬರಬೇಕೆಂಬುದನ್ನು ದಳವಾಯಿಗಳ ಕತ್ತಿ ತೀರ್ಮಾನಿಸಿದ ಕಾಲವೊಂದಿತ್ತು. ಗೋಡೆ ಎಷ್ಟೇ ಗಟ್ಟಿಯಾಗಿರಲಿ, "ಮುಂದಿನವನಾರು?" ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರವಿಲ್ಲದ ಮನೆ ಒಳಗಿನಿಂದಲೇ ಸಡಿಲಗೊಳ್ಳುತ್ತದೆ. ಅರಸುಮನೆಗೆ ಸಲ್ಲುವ ಈ ಮಾತು ಧರ್ಮಕಾರ್ಯಕ್ಕೆಂದು ಹುಟ್ಟಿದ ಸಂಸ್ಥೆಗಳಿಗೆ ಇನ್ನೂ ಮಿಗಿಲಾಗಿ ಸಲ್ಲುವುದು.

ಇಂದು ನಮ್ಮ ಸಮಾಜದಲ್ಲಿ ಶಾಲೆ, ಕಾಲೇಜು, ಉಚಿತ ಪ್ರಸಾದ ನಿಲಯ, ಆಸ್ಪತ್ರೆ, ಸಹಕಾರ ಸಂಘಗಳು ಹೇರಳವಾಗಿವೆ. ಅವುಗಳ ಆಡಳಿತ ಮಂಡಲಿಗಳಲ್ಲಿ ಕುಳಿತಿರುವವರು ನಿಮ್ಮಂತಹ ಸದ್ಗೃಹಸ್ಥರೇ. ಪ್ರಾಂಶುಪಾಲರನ್ನೋ ಕಾರ್ಯದರ್ಶಿಯನ್ನೋ ಆರಿಸಬೇಕಾದಾಗ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತೀರಿ, ಅರ್ಜಿ ತರಿಸುತ್ತೀರಿ, ಸಂದರ್ಶನ ನಡೆಸುತ್ತೀರಿ. ದೊಡ್ಡ ಸೇವಾಸಂಸ್ಥೆಗಳು ತಕ್ಕವರನ್ನು ಹುಡುಕಿಕೊಡುವ ಏಜೆನ್ಸಿಗಳ ನೆರವು ಪಡೆಯುವುದೂ, ವ್ಯಾಪಾರ ಕಂಪನಿಗಳಲ್ಲಿ ಪಳಗಿದವರನ್ನು ಕರೆತರುವುದೂ ಉಂಟು. ಇದರಲ್ಲಿ ದೋಷವಿಲ್ಲ. ಬಂಧುಬಳಗದೊಳಗೇ ಹುಡುಕುವುದಕ್ಕಿಂತ ನಾಡೆಲ್ಲ ಹುಡುಕುವುದು ಲೇಸು. ಆದರೆ ಬಂದವನನ್ನು ಏನೆಂದು ಕೇಳುತ್ತೇವೆ? ಎಷ್ಟು ಕಟ್ಟಡ ಕಟ್ಟಿಸಿದೆ, ಎಷ್ಟು ಹಣ ಕೂಡಿಸಿದೆ ಎಂದು ಕೇಳುತ್ತೇವೆ. ಅವೂ ಬೇಕಾದ ಪ್ರಶ್ನೆಗಳೇ. ಶರಣರು ಇವಕ್ಕೂ ಮೊದಲಿನ ಪ್ರಶ್ನೆಗಳನ್ನು ಕೇಳಿದರೆಂಬುದನ್ನು ನಾವು ಮರೆಯಲಾಗದು.

ಅನುಭವ ಮಂಟಪವನ್ನೇ ನೋಡಿರಿ. ಅದನ್ನು ಕಟ್ಟಿದವರು ಬಸವಣ್ಣನವರು. ಬಿಜ್ಜಳನ ಭಂಡಾರಿಗಳಾಗಿ ಅಧಿಕಾರ, ಕೀರ್ತಿ, ಜನಬಲ ಎಲ್ಲವೂ ಅವರಲ್ಲಿದ್ದವು. ಶೂನ್ಯಸಿಂಹಾಸನದ ಮೇಲೆ ಅವರೇ ಕುಳಿತಿದ್ದರೆ ಬೇಡವೆನ್ನುವವರು ಯಾರಿದ್ದರು? ಆದರೂ ಅಲ್ಲಿ ಕುಳಿತವರು ಅಲ್ಲಮಪ್ರಭುಗಳು. ಕಲ್ಯಾಣಕ್ಕೆ ಹೊರಗಿನಿಂದ ಬಂದವರು. ಪರಂಪರೆ ಹೇಳುವಂತೆ ಬಳ್ಳಿಗಾವೆಯ ಕಡೆಯ ಮದ್ದಳೆಕಾರರು. ಸಂಸ್ಥೆಯನ್ನು ಕಟ್ಟಿದವನೇ ಅದರ ತಲೆಯಲ್ಲಿ ಕೂಡಬೇಕೆಂಬ ನಿಯಮವಿಲ್ಲ, ಅವನ ಮಗನೇ ಕೂಡಬೇಕೆಂಬ ನಿಯಮವಂತೂ ಮೊದಲೇ ಇಲ್ಲ. ಅರಿವು ಎಲ್ಲಿದೆಯೋ ಅಲ್ಲಿಗೆ ಪೀಠವೇ ನಡೆದು ಹೋಗಬೇಕು. ಇದು ಮೊದಲನೆಯ ಪಾಠ.

ಎರಡನೆಯದು ಪ್ರತಿಫಲದ ವಿಚಾರ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತ ನಿಮಗೆ ತಿಳಿದಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಇದನ್ನು ಕೇಳಿ ಆಡಳಿತ ಮಂಡಲಿಯ ಕೆಲವರು ತಲೆದೂಗುವರು: "ನಿಜ, ಉಪಾಧ್ಯಾಯರು ಅಲ್ಪತೃಪ್ತರಾಗಿರಬೇಕು!" ಅಯ್ಯಾ, ಲಕ್ಕಮ್ಮ ಹಿಂದಿರುಗಿಸಿದ್ದು ತನ್ನ ಮನೆಗೆ ಬಂದ ಹೆಚ್ಚಿನ ಅಕ್ಕಿಯನ್ನು, ನೆರೆಮನೆಯ ಗಡಿಗೆಯ ಅಕ್ಕಿಯನ್ನಲ್ಲ. ಒಂದು ಮೊತ್ತಕ್ಕೆ ಸಹಿ ಮಾಡಿಸಿಕೊಂಡು ಇನ್ನೊಂದು ಮೊತ್ತ ಕೈಗಿಡುವುದು, ಕೆಲಸ ಕೊಡಲು ಕಾಣಿಕೆ ಬೇಡುವುದು, ಕೇಳಿದರೆ "ಇದು ಸೇವಾಸಂಸ್ಥೆ" ಎನ್ನುವುದು: ಇವು ದಾಸೋಹವಲ್ಲ, ಸೇವೆಯ ಹೆಸರಿನ ಸುಲಿಗೆ. ಸಂಯಮವೆಂಬುದು ಮೇಲಿನಿಂದ ಆರಂಭವಾಗತಕ್ಕದ್ದು. ಕೆಳಗಿನವನಿಗೆ ಸಲ್ಲಬೇಕಾದುದು ಪೂರ್ತಿಯಾಗಿ ಸಲ್ಲಲಿ. ಅಧ್ಯಕ್ಷನ ಕಾರು, ಮನೆ, ಮೆರವಣಿಗೆಗಳಲ್ಲಿ ಹೆಚ್ಚಾದ ಅಕ್ಕಿ ಎಲ್ಲಿದೆಯೆಂದು ಮೊದಲು ಹುಡುಕಲಿ.

ತಾವಾಗಿಯೇ ಕಡಿಮೆ ತೆಗೆದುಕೊಂಡವರ ನಿದರ್ಶನವೂ ನಮ್ಮ ಕಣ್ಣಮುಂದಿದೆ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದಾಗ, ಅದನ್ನು ಕಟ್ಟಿದ ಶಿಕ್ಷಕರನ್ನು ಜನರು ಸಪ್ತರ್ಷಿಗಳೆಂದು ಕರೆದರು. ಬಸವಣ್ಣನವರ ವಚನಗಳನ್ನು ಸಂಪಾದಿಸಿಕೊಟ್ಟ ಶಿ. ಶಿ. ಬಸವನಾಳರೂ ಅವರಲ್ಲೊಬ್ಬರು. ವಿದ್ಯಾವಂತರು ವಿರಳವಾಗಿದ್ದ ಆ ಕಾಲದಲ್ಲಿ ಅವರಿಗೆ ಸರ್ಕಾರದ ದೊಡ್ಡ ಹುದ್ದೆಗಳು ದುರ್ಲಭವಾಗಿರಲಿಲ್ಲ. ಆದರೂ ಆಜೀವ ಸದಸ್ಯರಾಗಿ ಅಲ್ಪ ವೇತನದಲ್ಲಿ ದುಡಿಯಲು ಒಪ್ಪಿದರು. ಒಂದು ಪ್ರೌಢಶಾಲೆಯಿಂದ ಮೊದಲಾದ ಆ ಸಂಸ್ಥೆ ಇಂದು ವೈದ್ಯಕೀಯ, ತಾಂತ್ರಿಕ ವಿದ್ಯಾಲಯಗಳವರೆಗೆ ಬೆಳೆದಿದೆ. ಅವರ ತ್ಯಾಗ ಸ್ವಂತ ಇಚ್ಛೆಯದು. ಯಾರೂ ಅವರ ಸಂಬಳ ಕತ್ತರಿಸಿ ಅದಕ್ಕೆ ತ್ಯಾಗವೆಂದು ಹೆಸರಿಟ್ಟಿರಲಿಲ್ಲ.

ಮೂರನೆಯದು ತಯಾರಿಯ ವಿಚಾರ. ಮಠಗಳಿಗೆ ಯೋಗ್ಯ ಸ್ವಾಮಿಗಳು ದೊರೆಯದಿರುವುದನ್ನು ಕಂಡ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ, ಬಾದಾಮಿಗೆ ಸಮೀಪದಲ್ಲಿ, ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಪೀಠ ಬರಿದಾದ ಮೇಲೆ ಅವಸರದಿಂದ ಹುಡುಕಾಡುವ ಬದಲು, ವಟುಗಳಿಗೆ ವರ್ಷಾನುಗಟ್ಟಲೆ ಶಾಸ್ತ್ರ, ಯೋಗ, ಶಿಸ್ತುಗಳನ್ನು ಕಲಿಸಿ ಸಿದ್ಧಗೊಳಿಸುವ ಏರ್ಪಾಡು ಅದು. ಕಣ್ಣಿಲ್ಲದ ಬಾಲಕನೊಬ್ಬನಲ್ಲಿ ಸಂಗೀತದ ಶಕ್ತಿಯನ್ನು ಗುರುತಿಸಿ ಪೋಷಿಸಿದವರೂ ಆ ಪೂಜ್ಯರೇ. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾದರು. ಗದುಗಿನಲ್ಲಿ ಅನಾಥರಿಗೂ ಅಂಧರಿಗೂ ಆಶ್ರಯವಾದ ಪುಣ್ಯಾಶ್ರಮವನ್ನು ಅವರು ನಡೆಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಹೊಣೆ ಹೊರಲು ಅವರ ಕೈಯಲ್ಲೇ ಬೆಳೆದ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಸಿದ್ಧರಿದ್ದರು. 2010ರವರೆಗೆ ಆ ಹೊಣೆ ಹೊತ್ತರು. ಜಾಹೀರಾತು ಕೊಟ್ಟು ಅರ್ಜಿ ತರಿಸಿದ್ದರೆ ಯಾವ ಸಮಿತಿ ಈ ಇಬ್ಬರನ್ನು ಆರಿಸುತ್ತಿತ್ತು? ನೀವೇ ಎಣಿಸಿ ನೋಡಿ.

ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದುದು: ಇಳಿಯುವ ವಿಚಾರ. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಸಿರಿಗೆರೆಯಲ್ಲಿ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು 1940ರಲ್ಲಿ ತರಳಬಾಳು ಪೀಠವನ್ನೇರಿದರು. ಹಳ್ಳಿಹಳ್ಳಿಗೂ ಶಾಲೆಗಳನ್ನು ಕೊಂಡೊಯ್ದರು. ಭಕ್ತರ ಪ್ರೀತಿ ತುಂಬಿದ್ದಾಗಲೇ, 1979ರಲ್ಲಿ, ಪೀಠವನ್ನು ತ್ಯಜಿಸಿದರು. ಕಾಶಿಯಲ್ಲಿಯೂ ಹೊರದೇಶದಲ್ಲಿಯೂ ವ್ಯಾಸಂಗ ಮಾಡಿದ್ದ ಉತ್ತರಾಧಿಕಾರಿಗಳಿಗೆ ಹೊಣೆಯನ್ನು ಒಪ್ಪಿಸಿದರು. 1992ರಲ್ಲಿ ಲಿಂಗೈಕ್ಯರಾಗುವವರೆಗೂ ಪೀಠವಿಲ್ಲದೆಯೇ ಪೂಜ್ಯರಾಗಿ ಬಾಳಿದರು. ಕುಳಿತಿರುವಾಗ ಗೌರವ ಪೀಠಕ್ಕೋ ವ್ಯಕ್ತಿಗೋ ಎಂಬುದು ತಿಳಿಯದು. ಇಳಿದ ಮೇಲೆಯೇ ಅದು ತಿಳಿಯುವುದು.

ಇಳಿಯಲಾರದವನು ಮುಂದಿನವನನ್ನು ಬೆಳೆಯಗೊಡನು. ತನ್ನ ನೆರಳಿನಲ್ಲಿ ತನಗಿಂತ ಎತ್ತರದ ಗಿಡವಿರಬಾರದೆಂದು ಚಿವುಟುತ್ತಾ ಹೋಗುವನು. ಅವನು ಬಿದ್ದ ದಿನ ಬಯಲೇ ಉಳಿಯುವುದು. ಆಗ ಬರುವುವು ವ್ಯಾಜ್ಯ, ಕಚೇರಿ, ಬೀಗಮುದ್ರೆ. ಬಡವರ ಮಕ್ಕಳ ಅನ್ನಕ್ಕೆಂದು ನೀವು ಕೊಟ್ಟ ಹಿಡಿ ಧಾನ್ಯ ವಕೀಲರ ಶುಲ್ಕವಾಗುವುದು.

ಆದುದರಿಂದ, ಸದ್ಭಕ್ತರೇ, ನಿಮ್ಮೂರಿನ ಸಂಸ್ಥೆಗೆ ಹಿರಿಯನನ್ನು ಆರಿಸುವಾಗ ಅವನ ಪ್ರಮಾಣಪತ್ರಗಳನ್ನು ನೋಡಿರಿ, ಲೆಕ್ಕದ ಜಾಣ್ಮೆಯನ್ನೂ ನೋಡಿರಿ. ಅನಂತರ ಮೂರು ಮಾತು ವಿಚಾರಿಸಿರಿ. ಅವನ ಕೈಕೆಳಗೆ ದುಡಿದವರು ಅವನನ್ನು ಕುರಿತು ಏನೆನ್ನುತ್ತಾರೆ? ಅವನು ಯಾರನ್ನು ಬೆಳೆಸಿದ್ದಾನೆ? ಹಿಂದಿನ ಅಧಿಕಾರವನ್ನು ಅವನು ಹೇಗೆ ಬಿಟ್ಟುಬಂದ? ಆಮೇಲೆ ಇದೇ ಮೂರು ಪ್ರಶ್ನೆಗಳನ್ನು ಮಂಡಲಿಯಲ್ಲಿ ಕುಳಿತ ನೀವು ನಿಮಗೂ ಕೇಳಿಕೊಳ್ಳಿರಿ. ಆರಿಸುವವನ ಮನಸ್ಸು ಶುದ್ಧವಿಲ್ಲದಿದ್ದರೆ ಆರಿಸಿದವನು ಶುದ್ಧನಾಗಿರುವುದು ಅಪರೂಪ.